ಒಪ್ಪಿಕೊಂಡದ್ದು ಹೊಸ್ತಿಲು ದಾಟುವುದಿಲ್ಲ ಏಕೆ? ಆಪ್ತಸಮಾಲೋಚನೆಯ ಕ್ರಿಯಾ ಯೋಜನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಯ ಕೋಣೆಯಲ್ಲಿ ತಲೆಯಾಡಿಸಿ ಒಪ್ಪಿಕೊಂಡ ಕೆಲಸ ಮನೆಗೆ ಹೋದ ಮೇಲೆ ನಡೆಯುವುದಿಲ್ಲ. ಕೆಳಗಿನ ಪ್ರಶ್ನೆಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಸಹಾಯ ಕೇಳಿ ಬರುವ ಸಹಾಯಾರ್ಥಿಗಳು, ಅವರ ಮನೆಯವರು, ತರಬೇತಿಗೆ ಬರುವ ಹೊಸಬರು ಮಾತಿನಲ್ಲೂ ಪತ್ರದಲ್ಲೂ ಕೇಳಿದ್ದನ್ನು ಆದಷ್ಟೂ ಅವರ ಧಾಟಿಯಲ್ಲೇ ಇಟ್ಟಿದ್ದೇನೆ. ಉದಾಹರಣೆಗಳಲ್ಲಿ ಬರುವವರ ಊರು, ವಯಸ್ಸು, ಕಸುಬು ಬದಲಾಯಿಸಿದ್ದೇನೆ.

## ಮೊದಲ ಭೇಟಿಗಳಲ್ಲಿ ಕೇಳುವವು

ಮನಸ್ಸಿನ ಭಾರ ಇಳಿಸಿಕೊಳ್ಳಲು ಬಂದೆ. ಇದರಲ್ಲಿ ಯೋಜನೆ ಯಾಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ಹೆಂಡತಿ ತೀರಿಕೊಂಡು ತಿಂಗಳೂ ಆಗದ ಮನುಷ್ಯನ ಕೈಗೆ ನಾನು ಯಾವ ಯೋಜನೆಯನ್ನೂ ಕೊಡುವುದಿಲ್ಲ. ಅವರು ಅಳುವಷ್ಟು ಹೊತ್ತು ಎದುರಿಗೆ ಕೂತಿದ್ದರೆ ಸಾಕು. ಆದರೆ ಸಾಲ, ಕುಡಿತ, ಪರೀಕ್ಷೆಯ ಭಯ, ಮಾತು ನಿಂತುಹೋದ ದಾಂಪತ್ಯ ಇಂಥವು ಹೇಳಿಕೊಂಡ ಮಾತ್ರಕ್ಕೆ ಕರಗುವುದಿಲ್ಲ. ಹೇಳಿಕೊಂಡ ದಿನ ಹಗುರವಾಗುತ್ತದೆ, ನಾಲ್ಕನೆಯ ದಿನ ಭಾರ ಮತ್ತೆ ಅಲ್ಲೇ ಬಂದು ಕೂರುತ್ತದೆ. ಕ್ರಿಯಾ ಯೋಜನೆ ಎಂಬುದು ಸ್ವಲ್ಪ ಸರ್ಕಾರಿ ಹೆಸರು. ಮುಂದಿನ ಭೇಟಿಯೊಳಗೆ ನೀವು ಮಾಡಿ ನೋಡುವ ಒಂದೆರಡು ಸಣ್ಣ ಕೆಲಸ, ಅಷ್ಟೇ.

ಏನು ಮಾಡಬೇಕೆಂದು ನೀವೇ ಹೇಳಿಬಿಡಿ. ಓದಿದವರು ನೀವಲ್ಲವೇ?

ಹೇಳಬಹುದು. ಆದರೆ ಅದನ್ನು ನಿಮ್ಮ ಭಾವಮೈದುನ, ಪಕ್ಕದ ಮನೆಯವರು, ಜ್ಯೋತಿಷಿ ಎಲ್ಲರೂ ಈಗಾಗಲೇ ಹೇಳಿರುತ್ತಾರೆ. ನಿಮ್ಮ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ದುಡ್ಡು ಯಾರ ಕೈಯಲ್ಲಿರುತ್ತದೆ, ಯಾವ ಮಾತಿಗೆ ಜಗಳ ಹೊತ್ತಿಕೊಳ್ಳುತ್ತದೆ ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಬಲ್ಲವರು ನೀವು. ಹಾಗಾಗಿ ಕೇಳುತ್ತೇನೆ. ಜೀವಕ್ಕೆ ಅಪಾಯವಿರುವ ವಿಷಯ, ವೈದ್ಯರು ಬರೆದ ಮಾತ್ರೆಯ ವಿಷಯ ಬಂದಾಗ ಮಾತ್ರ ಸುತ್ತಿ ಬಳಸದೆ ನೇರವಾಗಿ ಹೇಳುತ್ತೇನೆ.

"ಇನ್ನು ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ" ಎಂದು ಬರೆದುಕೊಟ್ಟೆ. ಇದು ಯೋಜನೆಯಲ್ಲ ಎಂದಿರಿ. ಯಾಕೆ?

ಅದು ಶಪಥ. ಶಪಥಕ್ಕೆ ದಿನವೂ ಇಲ್ಲ, ಜಾಗವೂ ಇಲ್ಲ. ಕೋಪ ಮಾಡಿಕೊಳ್ಳದೆ ಇರುವ ಕೆಲಸವನ್ನು ಅಂಗಳದ ಕಲ್ಲೂ ಮಾಡುತ್ತದೆ. ಯೋಜನೆಯಲ್ಲಿ ಇರಬೇಕಾದದ್ದು ನೀವು ಏನು ಮಾಡುತ್ತೀರಿ ಎಂಬುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. "ಇದನ್ನು ಮಾಡಬೇಕು" ಎಂದುಕೊಂಡವರಿಗಿಂತ "ಇಂಥದ್ದು ಎದುರಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ಜೋಡಿಸಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸಿದರು.

ಪ್ರಶ್ನೆ ಕೇಳಿದವರ ಯೋಜನೆಯನ್ನು ಕೊನೆಗೆ ಹೀಗೆ ತಿದ್ದಿದೆವು: "ಮಗ ಅಂಕಪಟ್ಟಿ ತಂದುಕೊಟ್ಟರೆ, ಅದನ್ನು ತೆರೆಯುವ ಮೊದಲು ಹಿತ್ತಲಿಗೆ ಹೋಗಿ ಮುಖ ತೊಳೆದು ಬರುತ್ತೇನೆ. ಆಮೇಲೆ ಯಾವ ವಿಷಯ ಕಷ್ಟವಾಯಿತು ಎಂದು ಮೊದಲು ಕೇಳುತ್ತೇನೆ." ಓದಿದರೆ ನಗು ಬರುವಷ್ಟು ಸಣ್ಣದು. ಆದರೆ ಮಾಡಿದರೋ ಇಲ್ಲವೋ ಎಂಬುದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ.

21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗಿಬಿಡುತ್ತದೆಯಂತೆ. ನಿಜವೇ?

ಎಲ್ಲರೂ ಹೇಳುತ್ತಾರೆ, ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಮಂದಿಯ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಹಣ್ಣು ತಿನ್ನುವಂಥ ಕೆಲಸ ತಾನಾಗಿಯೇ ಆಗುವ ಹಂತಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ವ್ಯತ್ಯಾಸವೂ ಅಷ್ಟೇ ದೊಡ್ಡದು: 18 ದಿನದಿಂದ 254 ದಿನದವರೆಗೆ. ನನಗೆ ಅದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇನ್ನೊಂದು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಲಿಲ್ಲ. 22ನೆಯ ದಿನ ಬೆಳಿಗ್ಗೆ "ನನಗೆ ಇನ್ನೂ ಅಭ್ಯಾಸವಾಗಿಲ್ಲ, ನನ್ನಲ್ಲೇ ಏನೋ ಕೊರತೆ" ಎಂದು ಕೈಬಿಟ್ಟವರನ್ನು ಸಾಕಷ್ಟು ಕಂಡಿದ್ದೇನೆ.

## ಮನೆಗೆ ಹೋದ ಮೇಲೆ ಎದುರಾಗುವವು

ಒಪ್ಪಿಕೊಂಡದ್ದನ್ನು ಮಾಡಲಿಲ್ಲ. ನಿಮಗೆ ಮುಖ ತೋರಿಸಲು ನಾಚಿಕೆ. ಬರುವುದನ್ನೇ ನಿಲ್ಲಿಸಲೇ?

ಮಾಡದಿದ್ದ ವಾರ ತಪ್ಪದೆ ಬನ್ನಿ. ಮಾಡಿದ ವಾರಕ್ಕಿಂತ ಅದರಲ್ಲೇ ನಮಗೆ ಹೆಚ್ಚು ತಿಳಿಯುತ್ತದೆ.

ಮೂವತ್ತರ ಆಸುಪಾಸಿನ ಒಬ್ಬ ಗೃಹಿಣಿ, ಖಿನ್ನತೆಗಾಗಿ ಬರುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಕೆರೆ ಏರಿಯ ತನಕ ನಡೆದು ಬರುವುದು ಎಂದು ಮಾತಾಗಿತ್ತು. ಎರಡು ವಾರದ ಬಳಿಕ ಬಂದವರು ಬಾಗಿಲಲ್ಲಿ ನಿಂತೇ "ನನ್ನಿಂದ ಆಗಲಿಲ್ಲ ಮೇಡಂ, ನನಗೆ ಶಿಸ್ತೇ ಇಲ್ಲ" ಎಂದರು. ಗುರುತು ಹಾಕಲು ಕೊಟ್ಟಿದ್ದ ಕ್ಯಾಲೆಂಡರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದ್ದರು. ಬಿಡಿಸಿ ಮೇಜಿನ ಮೇಲೆ ಹರಡಿದೆ. ಒಂದು ದಿನ ಗೀಟು, ಮರುದಿನ ಖಾಲಿ, ಮತ್ತೆ ಗೀಟು, ಮತ್ತೆ ಖಾಲಿ. ಹದಿನಾಲ್ಕು ದಿನಕ್ಕೆ ಏಳು ಗೀಟು, ಪಗಡೆ ಹಾಸಿನ ಹಾಗೆ ಅಚ್ಚುಕಟ್ಟಾಗಿ. "ಈ ಖಾಲಿ ದಿನಗಳಲ್ಲಿ ಏನಿರುತ್ತದೆ?" ಎಂದೆ. ಅವರು ಬೆರಳಿಟ್ಟು ಎಣಿಸಿ, ಆಗಷ್ಟೇ ಕಂಡವರಂತೆ, "ಅವತ್ತು ನಲ್ಲಿಯಲ್ಲಿ ನೀರು ಬರುತ್ತದೆ" ಎಂದರು.

ಆರರಿಂದ ಏಳೂವರೆ. ಆ ಹೊತ್ತಿಗೆ ತೊಟ್ಟಿ, ಕೊಡ, ಬಕೆಟ್ಟು ತುಂಬದಿದ್ದರೆ ಮನೆಗೆ ಎರಡು ದಿನ ನೀರಿಲ್ಲ. ಶಿಸ್ತು ತಪ್ಪಿದ್ದು ಅವರದ್ದಲ್ಲ. ನೀರಿನ ದಿನ ಯಾವುದೆಂದು ವಿಚಾರಿಸದೆ ಬೆಳಗಿನ ನಡಿಗೆ ಗೊತ್ತುಮಾಡಿದ ನನ್ನದು. ನೀರು ಬರುವ ದಿನದ ನಡಿಗೆಯನ್ನು ಸಂಜೆ ಮಗಳನ್ನು ಟ್ಯೂಷನ್ನಿಂದ ಕರೆತರುವ ಹೊತ್ತಿಗೆ ದೂಡಿದೆವು. ಅಂದಿನಿಂದ ಯಾರೊಂದಿಗೆ ಯೋಜನೆ ಮಾಡಲು ಕೂತರೂ ಮೊದಲು ಅವರ ಒಂದು ದಿನವನ್ನು ಎದ್ದಲ್ಲಿಂದ ಮಲಗುವ ತನಕ ಹೇಳಿಸುತ್ತೇನೆ.

ನಮ್ಮ ಮನೆಯವರು ಅಯ್ಯಪ್ಪ ಮಾಲೆ ಹಾಕಿದರೆ 41 ದಿನ ಮುಟ್ಟುವುದಿಲ್ಲ. ಮಾಲೆ ತೆಗೆದ ಸಂಜೆಯೇ ಕುಡಿಯುತ್ತಾರೆ. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ, ಬೇಕೆಂದೇ ಮಾಡುತ್ತಾರೆಯೇ?

ಇದನ್ನು ಕೇಳುವ ಹೆಂಗಸರ ದನಿಯಲ್ಲಿರುವ ಸಿಟ್ಟು ನ್ಯಾಯವಾದದ್ದು. ಆದರೆ ಆ 41 ದಿನ ಅವರ ಸುತ್ತ ಏನೇನು ಬದಲಾಗಿರುತ್ತದೆ ನೋಡಿ. ಬಟ್ಟೆ ಕಪ್ಪು, ದೂರದಿಂದಲೇ ಗುರುತು ಸಿಗುತ್ತದೆ. ಬೆಳಕು ಹರಿಯುವ ಮುನ್ನ ತಣ್ಣೀರ ಸ್ನಾನ. ಕುಡಿಯುವ ಹೊತ್ತಿಗೆ ಸರಿಯಾಗಿ ಸಂಜೆ ಭಜನೆ. ಊಟ ಬೇರೆ, ಹಾಸಿಗೆ ಬೇರೆ. ನಿನ್ನೆಯವರೆಗೆ "ಬಾರೋ" ಎನ್ನುತ್ತಿದ್ದ ಗೆಳೆಯರೇ "ಸ್ವಾಮಿ" ಎಂದು ಕರೆಯುತ್ತಾರೆ, ಲೋಟ ಮುಂದಿಡುವ ಧೈರ್ಯ ಯಾರಿಗೂ ಇರುವುದಿಲ್ಲ. ಜೊತೆಗೆ ಇದೇ ವ್ರತ ಹಿಡಿದ ಹತ್ತು ಜನ. ನಾವು ಆಪ್ತಸಮಾಲೋಚಕರು ಎಷ್ಟು ತಿಣುಕಿದರೂ ಇಷ್ಟು ಭದ್ರವಾದ ಯೋಜನೆ ಕಟ್ಟಲಾರೆವು. ಮಾಲೆ ತೆಗೆದ ಸಂಜೆ ಬಟ್ಟೆ, ಭಜನೆ, ಹೆಸರು, ಗುಂಪು ಒಟ್ಟಿಗೇ ಕಳಚಿಬೀಳುತ್ತವೆ. ಹಳೆಯ ಸಂಜೆಗಳು ಇದ್ದಲ್ಲೇ ಇರುತ್ತವೆ.

ಹಾಗಾಗಿ ಯಾತ್ರೆ ಮುಗಿಸಿ ಬಂದವರನ್ನು ನಾನು ಕೇಳುವುದು, 41 ದಿನದಲ್ಲಿ ಯಾವುದನ್ನು 42ನೆಯ ದಿನಕ್ಕೂ ಉಳಿಸಿಕೊಳ್ಳಬಹುದು ಎಂದು. ಒಬ್ಬರು ಭಜನೆ ಮುಂದುವರಿಸಿದರು, ಮನೆಯ ಹತ್ತಿರದ ಗುಡಿಯಲ್ಲಿ, ಸಂಜೆ ಏಳರಿಂದ ಎಂಟು. ಇನ್ನೊಬ್ಬರಿಗೆ ದೇವರಿಗಿಂತ ಸ್ವಾಮಿಗಳ ಗುಂಪೇ ಮುಖ್ಯವಾಗಿತ್ತು. ಅವರು ಅದೇ ಗೆಳೆಯರೊಂದಿಗೆ ಸಂಜೆ ವಾಲಿಬಾಲ್ ಆಡತೊಡಗಿದರು.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವಷ್ಟು, ದಿನವೂ ವಿಪರೀತ ಕುಡಿಯುವವರು ವ್ರತಕ್ಕೆಂದೋ ಹಟಕ್ಕೆಂದೋ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬಡಬಡಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಅದನ್ನು ದೆವ್ವದ ಕಾಟ ಎಂದು ಮಂತ್ರವಾದಿಯ ಬಳಿಗೆ ಕರೆದೊಯ್ದದ್ದೂ ಉಂಟು. ಇಂಥವರು ವೈದ್ಯರ ನಿಗಾದಲ್ಲೇ ನಿಲ್ಲಿಸಬೇಕು. ಥಯಾಮಿನ್ ಎಂಬ ಬಿ1 ವಿಟಮಿನ್ ಮತ್ತು ಕೆಲವು ದಿನದ ಔಷಧಿಯಿಂದ ಈ ಹಂತವನ್ನು ಸುರಕ್ಷಿತವಾಗಿ ದಾಟಿಸಬಹುದು.

ಎಂಟು ತಿಂಗಳು ಬಿಟ್ಟಿದ್ದೆ. ಬೀಗರ ಊಟದ ದಿನ ಒಂದು ಲೋಟ ಕುಡಿದೆ. ಇನ್ನೇನು, ಎಲ್ಲ ಹೋಯಿತಲ್ಲ?

ಎಂಟು ತಿಂಗಳು ಎಲ್ಲಿಗೂ ಹೋಗಿಲ್ಲ. ವ್ಯಸನದ ಮರುಕಳಿಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಅಲನ್ ಮಾರ್ಲಾಟ್ ತೋರಿಸಿಕೊಟ್ಟದ್ದು ಇದನ್ನೇ: ಜನರನ್ನು ಕೆಡಿಸುವುದು ಮೊದಲ ಲೋಟಕ್ಕಿಂತ ಹೆಚ್ಚಾಗಿ ಅದರ ನಂತರದ "ಹೇಗೂ ವ್ರತ ಕೆಟ್ಟಿತು" ಎಂಬ ಯೋಚನೆ. ಎರಡನೆಯ, ಮೂರನೆಯ ಲೋಟವನ್ನು ಕುಡಿಸುವುದು ಅದೇ. ಆದ್ದರಿಂದ ಯೋಜನೆಯ ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಮೊದಲೇ ಬರೆಸಿಡುತ್ತೇನೆ: ಜಾರಿದರೆ ಆ ಜಾಗದಿಂದ ಎದ್ದು ಎಲ್ಲಿಗೆ ಹೋಗುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ. ಬರೆಸುವಾಗ "ಅಪಶಕುನ ನುಡಿಯಬೇಡಿ ಮೇಡಂ" ಎಂದು ಬೈಸಿಕೊಂಡಿದ್ದೇನೆ.

ಹಾಸಿಗೆಯಿಂದ ಏಳಲೂ ಮನಸ್ಸಿಲ್ಲ. ಮನಸ್ಸು ಸರಿಯಾದ ಮೇಲೆ ಮಾಡುತ್ತೇನೆ ಎಂದರೆ ತಪ್ಪೇ?

ತಪ್ಪಲ್ಲ, ಆದರೆ ಖಿನ್ನತೆಯಲ್ಲಿ ಈ ಲೆಕ್ಕ ತಿರುವುಮುರುವು. ಮನಸ್ಸು ಬರಲಿ ಎಂದು ಮಲಗಿದಷ್ಟೂ ಸಂತೋಷ ಕೊಡುವ ಸಂಗತಿಗಳು ದೂರ ಸರಿಯುತ್ತವೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಕೈಕಾಲು ಮೊದಲು ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯಲ್ಲಿ, ದಿನಚರಿಯ ಚಟುವಟಿಕೆಗಳನ್ನು ಮರಳಿ ಹಿಡಿಸುವುದಷ್ಟೇ ಯೋಚನೆಯ ಧಾಟಿಯನ್ನೇ ತಿದ್ದುವ ಪೂರ್ತಿ ಚಿಂತನಾ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು.

ಎಷ್ಟು ಸಣ್ಣದರಿಂದ ಶುರುಮಾಡಬಹುದು? ಹಾಸಿಗೆ ಬಿಟ್ಟು ಜಗುಲಿಯಲ್ಲಿ ಕೂತು ಕಾಫಿ ಕುಡಿಯುವುದೂ ಮೊದಲ ವಾರದ ಯೋಜನೆಯಾಗಬಹುದು. ಇನ್ನೊಂದು ಮಾತು. ಆಯಾಸ ಎಲ್ಲವೂ ಮನಸ್ಸಿನದ್ದಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೂ ಹೀಗೇ ಆಗುತ್ತದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಮಾತ್ರೆ ಬರೆದಿದ್ದರೆ, ಸ್ವಲ್ಪ ಹುಷಾರಾದೆ ಎಂದು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

"ಹುಚ್ಚರ ಡಾಕ್ಟರ ಹತ್ತಿರ ಹೋಗುತ್ತೀಯಾ?" ಎಂದು ಅತ್ತೆ ಹಂಗಿಸುತ್ತಾರೆ. ಮನೆಯವರೇ ಅಡ್ಡಗಾಲಾದರೆ ಏನು ಮಾಡಲಿ?

ಅತ್ತೆಯವರಿಗೆ ಗೊತ್ತಾಗದಂತೆ ಮಾಡುವ ಯೋಜನೆ ಹೆಚ್ಚು ದಿನ ಬಾಳುವುದಿಲ್ಲ, ಅವರನ್ನು ಸೋಲಿಸುವ ಯೋಜನೆ ಅದಕ್ಕಿಂತ ಕಡಿಮೆ ದಿನ ಬಾಳುತ್ತದೆ. ಸಾಧ್ಯವಾದ ಕಡೆ ಅವರಿಗೂ ಒಂದು ಪಾತ್ರ ಕೊಡುತ್ತೇನೆ. ಒಬ್ಬ ಸೊಸೆ ದಿನಕ್ಕೆ ಅರ್ಧ ಗಂಟೆ ತನ್ನ ಹೊಲಿಗೆಗೆ ಕೂರಬೇಕಿತ್ತು. ಆ ಅರ್ಧ ಗಂಟೆ ಮೊಮ್ಮಗುವನ್ನು ನೋಡಿಕೊಳ್ಳುವುದು ಅತ್ತೆಯ "ಚಿಕಿತ್ಸೆಯ ಕೆಲಸ" ಎಂದು, ಸೊಸೆಯ ಒಪ್ಪಿಗೆ ಪಡೆದು, ಅತ್ತೆಯನ್ನೇ ಕರೆಸಿ ಹೇಳಿದೆ. ಮುಂದಿನ ಸಲ ಅವರೇ "ಇವಳು ಎರಡು ದಿನ ಕೂರಲೇ ಇಲ್ಲ" ಎಂದು ದೂರು ತಂದರು!

ಒಪ್ಪಿಗೆಯ ಮಾತನ್ನು ಒತ್ತಿ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಮು ಚಿಕಿತ್ಸೆಗೆ ಬಂದವರ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ, ನೀವು ಹೇಳಿದ್ದು ನಿಮ್ಮನ್ನು ಕೇಳದೆ ಗಂಡನ ಕಿವಿಗೂ ಬೀಳಬಾರದು.

ಪ್ರತಿ ಸಲ ಪೇಟೆಗೆ ಬರಲು ಕೂಲಿ ಬಿಡಬೇಕು, ಬಸ್ಸಿಗೆ ಕೊಡಬೇಕು. ಬಡವರಿಗೆ ಇದೆಲ್ಲ ಆಗುವ ಮಾತೇ?

2023ರ ಜೂನ್‌ನಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತವಾದ ಮೇಲೆ "ಚಾರ್ಜಿಗೆ ಗಂಡನನ್ನು ಕೇಳಬೇಕು" ಎಂಬ ಅಡ್ಡಿಯೊಂದು ಸರಿಯಿತು. ಕೂಲಿಯ ಅಡ್ಡಿ ಹಾಗೇ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಎರಡು ಭೇಟಿಗಳ ನಡುವೆ ಸಿಕ್ಕಿಕೊಂಡರೆ ಒಂದು ಕರೆ ಮಾಡಿ.

## ಹೊಸ ಆಪ್ತಸಮಾಲೋಚಕರು ಕೇಳುವವು

ಎಲ್ಲದಕ್ಕೂ "ಆಯಿತು ಮೇಡಂ" ಎನ್ನುತ್ತಾರೆ. ಹೋಗಿ ಏನೂ ಮಾಡುವುದಿಲ್ಲ. ನಾನು ಎಲ್ಲಿ ತಪ್ಪಿದೆ?

ನಮ್ಮಲ್ಲಿ "ಆಯಿತು" ಎಂಬುದು ಬಹಳ ಸಲ ಮರ್ಯಾದೆಯ ಮಾತು. ಮೇಜಿನ ಆಚೆ ಕೂತ ಓದಿದವರಿಗೆ ಎದುರಾಡಬಾರದು ಎಂಬ ಸಂಕೋಚ ಅದು. ಒಪ್ಪಿಗೆ ಎಂದು ಓದಿಕೊಂಡರೆ ಕೆಟ್ಟಿರಿ. "ಇದನ್ನು ಮಾಡಬಲ್ಲೆ ಎಂಬ ನಂಬಿಕೆ ಹತ್ತರಲ್ಲಿ ಎಷ್ಟು?" ಎಂದು ಕೇಳುವ ಪದ್ಧತಿ ನಿಮಗೆ ಗೊತ್ತಿರುತ್ತದೆ. ಅಂಕದ ಲೆಕ್ಕ ಒಗ್ಗದ ಹಿರಿಯರಿಗೆ ನಾನು "ರೂಪಾಯಿಗೆ ಎಷ್ಟು ಆಣೆ?" ಎನ್ನುತ್ತೇನೆ. "ಆರಾಣೆ ಮೇಡಂ" ಎಂದವರು ಒಂದೇ ಒಂದು ಸಲವೂ ಬಾಯಿಬಿಟ್ಟು "ಆಗುವುದಿಲ್ಲ" ಎಂದಿರಲಿಲ್ಲ.

ಆಮೇಲಿನ ಪ್ರಶ್ನೆಯೇ ಮುಖ್ಯ. "ಹದಿನಾರಾಣೆ ಏಕಿಲ್ಲ?" ಎಂದರೆ ನೆಪಗಳ ಪಟ್ಟಿ ಬರುತ್ತದೆ. "ನಾಲ್ಕಾಣೆಯೂ ಅಲ್ಲ, ಆರಾಣೆ ಎಂದಿರಲ್ಲ, ಆ ಎರಡಾಣೆ ಎಲ್ಲಿಂದ ಬಂತು?" ಎಂದರೆ ಅವರಲ್ಲಿರುವ ಬಲ ಅವರ ಬಾಯಿಂದಲೇ ಬರುತ್ತದೆ. ಹನ್ನೆರಡಾಣೆಗೆ ಏರುವ ತನಕ ಕೆಲಸವನ್ನು ಸಣ್ಣದು ಮಾಡುತ್ತಾ ಹೋಗಿ.

ನಾನು ಒತ್ತಾಯಿಸಿದಷ್ಟೂ ಅವರು ಹಿಂದೆ ಸರಿಯುತ್ತಾರೆ. ಇದು ಪ್ರತಿರೋಧವೇ, ಸೋಮಾರಿತನವೇ?

ಎರಡೂ ಅಲ್ಲದಿರಬಹುದು. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಚಿಕಿತ್ಸೆಯ ಅನುಭವದಿಂದ ಬರೆದಂತೆ, ಎರಡು ಮನಸ್ಸಿನಲ್ಲಿರುವವರ ಮುಂದೆ ನೀವು "ಬಿಡಿ" ಎಂಬ ಪಕ್ಷ ಹಿಡಿದರೆ, ಅವರಿಗೆ ಉಳಿಯುವುದು "ಬಿಡಲಾರೆ" ಎಂಬ ಪಕ್ಷ ಮಾತ್ರ. ತನ್ನ ಬಾಯಿಂದಲೇ ಅದನ್ನು ನಾಲ್ಕು ಸಲ ಕೇಳಿಸಿಕೊಂಡ ಮನುಷ್ಯ ಅದನ್ನೇ ನಂಬುತ್ತಾನೆ. ಅದೇ ವರ್ಷ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಎಂಬ ಇನ್ನಿಬ್ಬರು ಮನಶ್ಶಾಸ್ತ್ರಜ್ಞರು, ಬೀಡಿ ಸಿಗರೇಟು ಬಿಡುವವರು ಯೋಚನೆಯಿಂದ ಕ್ರಿಯೆಯ ತನಕ ದಾಟುವ ಹಂತಗಳನ್ನು ವಿವರಿಸಿದರು. ಇನ್ನೂ ಯೋಚಿಸುತ್ತಿರುವವರ ಕೈಗೆ ಕ್ರಿಯಾ ಯೋಜನೆ ಕೊಡುವುದೆಂದರೆ ಹೆಣ್ಣು ನೋಡುವ ಶಾಸ್ತ್ರದ ದಿನವೇ ಲಗ್ನಪತ್ರಿಕೆ ಹಂಚಿದಂತೆ.

ಇವರಿಗಿಂತ ಹಿಂದೆಯೇ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಹೇಳಿದ್ದ ಇನ್ನೊಂದು ವಿಚಾರ ನನಗೆ ದಿನವೂ ಕೆಲಸಕ್ಕೆ ಬರುತ್ತದೆ. ಮುಂದೆ ತಳ್ಳುವ ಬಲ, ಹಿಂದೆ ಹಿಡಿಯುವ ಬಲ ಎರಡೂ ಇದ್ದಾಗ, ತಳ್ಳುವುದನ್ನು ಹೆಚ್ಚಿಸಿದರೆ ಬಿಗಿತವಷ್ಟೇ ಹೆಚ್ಚುತ್ತದೆ. ಎತ್ತಿಗೆ ಹೊಡೆಯುವುದನ್ನು ನಿಲ್ಲಿಸಿ, ಇಳಿದು, ಗಾಲಿಯ ಮುಂದಿನ ಕಲ್ಲು ತೆಗೆಯಿರಿ.

ಓದು ಬರಹ ಬಾರದವರ ಯೋಜನೆಯನ್ನು ಹೇಗೆ ಇಡುವುದು?

ಗೋಡೆಯ ಕ್ಯಾಲೆಂಡರ್‌ನಲ್ಲಿ ಕುಂಕುಮದ ಬೊಟ್ಟು, ಡಬ್ಬಿಗೆ ದಿನಕ್ಕೊಂದು ಹುಣಸೆ ಬೀಜ. ಬೀಜ ಎಣಿಸುವುದನ್ನು ಮೊಮ್ಮಕ್ಕಳಿಗೆ ಬಿಟ್ಟರೆ ಲೆಕ್ಕ ತಪ್ಪುವುದೇ ಇಲ್ಲ. ಹೊರಡುವ ಮೊದಲು ಯೋಜನೆಯನ್ನು ಅವರ ಬಾಯಿಂದ ಒಮ್ಮೆ ಹೇಳಿಸಿ, ಅವರದ್ದೇ ಮೊಬೈಲಿನಲ್ಲಿ ಅವರ ದನಿಯಲ್ಲೇ ಧ್ವನಿಮುದ್ರಿಸಿ ಕಳಿಸುವುದೂ ಉಂಟು. ಮೊಬೈಲನ್ನು ಮನೆಯಲ್ಲಿ ಬೇರೆಯವರೂ ಬಳಸುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ.

ಯೋಜನೆಯನ್ನು ಪೂರ್ತಿ ಬದಿಗಿಡಬೇಕಾದ ಸಂದರ್ಭ ಯಾವುದು?

ಸಾಯುವ ಮಾತು ಬಂದಾಗ. ಬಿಟ್ಟ ಓದು, ನಿಂತ ನಡಿಗೆ ಎಲ್ಲ ಆಮೇಲೆ. ಆ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ಸುಳ್ಳು ಭಯ. ರೈತರ ಮನೆಯಾದರೆ ಕೀಟನಾಶಕದ ಡಬ್ಬಿ ಎಲ್ಲಿದೆ ಎಂಬುದೇ ಮುಂದಿನ ಪ್ರಶ್ನೆ. ಅದು ಅವತ್ತೇ ಮನೆಯಿಂದ ಹೊರಗೆ ಹೋಗಬೇಕು, ಇಲ್ಲವೇ ಬೀಗ ಬಿದ್ದು ಕೀಲಿ ಇನ್ನೊಬ್ಬರ ಸೊಂಟ ಸೇರಬೇಕು. ಆ ಗಳಿಗೆ ದಾಟಿಸಿದರೆ ಬಹಳ ಜನ ಉಳಿಯುತ್ತಾರೆ. ಒಬ್ಬರನ್ನೇ ಬಿಡದೆ ಮನೋವೈದ್ಯರಿಗೆ ತೋರಿಸಿ. ಈ ಹಿಂದೆ ಪ್ರಯತ್ನಿಸಿದ್ದವರು ಪೊಲೀಸರಿಗೆ ಹೆದರಿ ಬಾಯಿ ಬಿಡದಿರಬಹುದು. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು ಹೇಳುತ್ತದೆ ಎಂಬುದನ್ನು ತಿಳಿಸಿ.

ಎರಡನೆಯದು, ಹೊಡೆತ. ಗಂಡನ ಕೈಯಲ್ಲಿ ಏಟು ತಿನ್ನುವ ಹೆಣ್ಣುಮಗಳಿಗೆ "ದಿಟ್ಟವಾಗಿ ಮಾತನಾಡಿ" ಎಂಬ ಯೋಜನೆ ಕೊಟ್ಟು ಕಳಿಸಿದ ತಪ್ಪನ್ನು ನಾನು ನನ್ನ ಮೊದಲ ವರ್ಷ ಮಾಡಿದ್ದೇನೆ. ಮುಂದಿನ ಭೇಟಿಗೆ ಅವರು ಕೆನ್ನೆಗೆ ಸೆರಗು ಒತ್ತಿ ಹಿಡಿದು ಬಂದಿದ್ದರು. ಅಲ್ಲಿ ಬೇಕಾದದ್ದು ಸುರಕ್ಷತೆಯ ದಾರಿ: ಮಹಿಳಾ ಸಹಾಯವಾಣಿ 181, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ ಸಂರಕ್ಷಣಾಧಿಕಾರಿ, ರಾತ್ರಿ ಹೊರಡಬೇಕಾದರೆ ಹೋಗಬಹುದಾದ ಒಂದು ಮನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಗೋಪ್ಯತೆಯ ನೆಪ ನಡೆಯುವುದಿಲ್ಲ.

ಚೆನ್ನಾಗಿ ನಡೆಯುತ್ತಿದೆ. ಭೇಟಿಗಳನ್ನು ಯಾವಾಗ ನಿಲ್ಲಿಸುವುದು?

ಒಮ್ಮೆಲೇ ನಿಲ್ಲಿಸುವುದಿಲ್ಲ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ತಿಂಗಳಿಗೆ, ಆಮೇಲೆ ಮೂರು ತಿಂಗಳಿಗೆ. ನಿಲ್ಲಿಸುವ ಕಾಲ ಬಂತೆಂದು ನನಗೆ ಗೊತ್ತಾಗುವುದು, ನಾನು ಕೇಳುವ ಮೊದಲೇ ಅವರು ಯೋಜನೆ ತಿದ್ದಿಕೊಂಡು ಬಂದಾಗ. ಮೇಲೆ ಹೇಳಿದ ಕೆರೆ ಏರಿಯ ಗೃಹಿಣಿ ಒಂದು ದಿನ ಬಂದು ಕೂತವರೇ, "ಬೇಸಿಗೆಗೆ ನೀರು ಮೂರು ದಿನಕ್ಕೊಮ್ಮೆ ಮಾಡಿದ್ದಾರೆ ಮೇಡಂ, ನಾನು ಹಾಳೆ ಬದಲಾಯಿಸಿಕೊಂಡೆ" ಎಂದರು. ಮುಂದಿನ ಭೇಟಿಯನ್ನು ಮೂರು ತಿಂಗಳಿಗೆ ಬರೆದುಕೊಟ್ಟೆ.